ಮೋಡವೂ ಮುಖವೂ

1926ರ ಶರತ್ಕಾಲದಲ್ಲಿ ಅಮೆರಿಕದ ಟೆಕ್ಸಸ್ ಸಂಸ್ಥಾನದ ಸ್ಯಾನ್ ಆಂಟೋನಿಯೋ ನಗರದ ಹೊರವಲಯದಲ್ಲಿ, ಸೇನೆಯ ವಿಮಾನಗಳು ಸಾಲುಗಟ್ಟಿ ನಿಂತಿದ್ದ ವಿಶಾಲವಾದ ಬಯಲಿನಲ್ಲಿ, ಒಂದು ಚಲಚ್ಚಿತ್ರವನ್ನು ತೆಗೆಯಲೆಂದು ಬಂದಿದ್ದ ದೊಡ್ಡ ಪರಿವಾರವೊಂದು ದಿನಗಟ್ಟಲೆ ಕೈಕಟ್ಟಿ ಕುಳಿತಿತ್ತು. ಬಿಸಿಲು ಚೆನ್ನಾಗಿತ್ತು, ಗಾಳಿ ಅನುಕೂಲವಾಗಿತ್ತು, ಆಕಾಶವು ದಿಗಂತದಿಂದ ದಿಗಂತದವರೆಗೆ ಕಲೆಯಿಲ್ಲದೆ ನೀಲವಾಗಿತ್ತು. ಚಾಲಕರು, ಛಾಯಾಗ್ರಾಹಕರು, ನಟರು ಎಲ್ಲರೂ ಸಿದ್ಧರಾಗಿಯೇ ಇದ್ದರು. ಹಣವು ವೃಥಾ ವ್ಯಯವಾಗುತ್ತಿರುವುದನ್ನು ಕಂಡು ಕಳವಳಗೊಂಡ ಪ್ಯಾರಾಮೌಂಟ್ ಸಂಸ್ಥೆಯ ಅಧಿಕಾರಿಗಳಿಗೆ, ನಿರ್ದೇಶಕನಾಗಿದ್ದ ವಿಲಿಯಂ ವೆಲ್ಮನ್ ಎಂಬ ಮೂವತ್ತರ ತರುಣನ ಕಾರಣವು ಹುಚ್ಚಿನಂತೆ ತೋರಿರಬೇಕು: ಆಕಾಶದಲ್ಲಿ ಮೋಡಗಳಿಲ್ಲ, ಆದುದರಿಂದ ಚಿತ್ರ ತೆಗೆಯಲಾಗದು.

ಆದರೆ ಆ ಹಟದಲ್ಲಿ ಒಂದು ಕಲೆಯ ಮೂಲಸೂತ್ರವೇ ಅಡಗಿದ್ದಿತು. ನೆಲದ ಮೇಲೆ ಓಡುವ ವಸ್ತುವಿನ ವೇಗವನ್ನು ನಮ್ಮ ಕಣ್ಣು ಅಳೆಯುವುದು ಅದು ದಾಟಿ ಬಿಡುವ ಮರಗಳಿಂದ, ಮನೆಗಳಿಂದ, ಮೈಲಿಗಲ್ಲುಗಳಿಂದ; ಬರಿದಾದ ಆಕಾಶದಲ್ಲಿ ಹಾಗೆ ದಾಟಿ ಬಿಡತಕ್ಕದ್ದು ಏನೂ ಇಲ್ಲದಿರುವುದರಿಂದ, ಗಂಟೆಗೆ ನೂರು ಮೈಲಿಯ ವೇಗದಲ್ಲಿ ಹಾರುವ ವಿಮಾನವೂ ಬೆಳ್ಳಿತೆರೆಯ ಮೇಲೆ ಗೋಡೆಗಂಟಿದ ಕೀಟದಂತೆ ನಿಶ್ಚಲವಾಗಿ ಕಾಣುತ್ತದೆ. ಹಿಂದೆ ಮೋಡದ ರಾಶಿಯೊಂದು ನಿಂತಿತೆಂದರೆ ಆ ಕ್ಷಣವೇ ದೂರಕ್ಕೆ ಅಳತೆ ಬರುತ್ತದೆ, ಎತ್ತರಕ್ಕೆ ಭಯ ಬರುತ್ತದೆ, ಎರಡು ವಿಮಾನಗಳ ನಡುವಿನ ಅಂತರವು ಜೀವನ್ಮರಣಗಳ ನಡುವಿನ ಅಂತರವೆಂಬುದು ಪ್ರೇಕ್ಷಕನಿಗೆ ಯಾರೂ ಹೇಳದೆಯೇ ಅರಿವಾಗುತ್ತದೆ. ವೆಲ್ಮನ್ನನು ಇದನ್ನು ಗ್ರಂಥಗಳಿಂದ ಕಲಿತವನಲ್ಲ. ಎಂಟು ವರ್ಷಗಳ ಹಿಂದೆ ಫ್ರಾನ್ಸಿನ ಪೂರ್ವದ ಗಡಿಯ ಮೇಲೆ, ಮೋಡಗಳ ಮರೆಯಿಂದ ಯಾರು ಎರಗಿಯಾರೋ ಎಂದು ಕತ್ತು ತಿರುಗಿಸಿ ನೋಡುತ್ತ ಹಾರಿದವನ ವಿದ್ಯೆ ಅದು. ಆತ ತೆಗೆಯುತ್ತಿದ್ದ ಚಿತ್ರದ ಹೆಸರು ‘ವಿಂಗ್ಸ್’. ಮೂಕಚಿತ್ರಗಳ ಯುಗವು ಯುದ್ಧವಿಮಾನವನ್ನು ಕುರಿತು ಮಾಡಿದ ಪ್ರಯತ್ನಗಳೆಲ್ಲವುಗಳಲ್ಲಿ ಇದೇ ಶಿಖರಪ್ರಾಯವಾದುದೆಂದು ನಾನು ನಿಸ್ಸಂಶಯವಾಗಿ ನಂಬುತ್ತೇನೆ. ಆ ಶಿಖರಕ್ಕೆ ಏರಿ ಬಂದ ದಾರಿಯನ್ನೂ ಅದಕ್ಕೆ ತೆತ್ತ ಬೆಲೆಯನ್ನೂ ಇಲ್ಲಿ ಹೇಳಬೇಕಾಗಿದೆ.

ವಿಮಾನಯುದ್ಧವು ಜಗತ್ತಿನಲ್ಲಿ ಸಂಭವಿಸುವುದಕ್ಕೆ ಮೊದಲೇ ತೆರೆಯ ಮೇಲೆ ಸಂಭವಿಸಿತ್ತೆಂಬುದು ವಿಚಿತ್ರವಾದರೂ ನಿಜ. 1909ರಲ್ಲಿ, ಬ್ಲೇರಿಯೋ ಎಂಬ ಫ್ರೆಂಚ್ ವೈಮಾನಿಕನು ಇಂಗ್ಲಿಷ್ ಕಡಲ್ಗಾಲುವೆಯನ್ನು ಹಾರಿ ದಾಟಿದ ವರ್ಷದಲ್ಲಿಯೇ, ವಾಲ್ಟರ್ ಬೂತ್ ಎಂಬ ಇಂಗ್ಲಿಷಿನವನು ಚಾರ್ಲ್ಸ್ ಅರ್ಬನ್ನನ ಸಂಸ್ಥೆಗಾಗಿ ‘ದಿ ಏರ್‌ಶಿಪ್ ಡಿಸ್ಟ್ರಾಯರ್’ ಎಂಬ ಕಿರುಚಿತ್ರವನ್ನು ತೆಗೆದನು. ಬೂತನು ಮೊದಲು ಪಿಂಗಾಣಿ ಪಾತ್ರೆಗಳ ಮೇಲೆ ಚಿತ್ರ ಬರೆಯುತ್ತಿದ್ದವನು. ಅನಂತರ ರಂಗದ ಮೇಲೆ ಇಂದ್ರಜಾಲವನ್ನು ಆಡಿದವನು. ಅಪರಿಚಿತ ಶತ್ರುವಿನ ವಾಯುನೌಕೆಗಳು ಇಂಗ್ಲೆಂಡಿನ ಊರೊಂದರ ಮೇಲೆ ಬಾಂಬುಗಳನ್ನು ಸುರಿಸುವುದನ್ನೂ, ತರುಣ ಸಂಶೋಧಕನೊಬ್ಬನು ತಾನು ನಿರ್ಮಿಸಿದ ಆಕಾಶಾಸ್ತ್ರದಿಂದ ಅವುಗಳನ್ನು ಸಂಹರಿಸುವುದನ್ನೂ ಆತ ಗೊಂಬೆಗಳಿಂದಲೂ ಬಣ್ಣದ ಪರದೆಗಳಿಂದಲೂ ತೋರಿಸಿದನು. ಅಂದಿನ ಪ್ರೇಕ್ಷಕರಿಗೆ ಅದೊಂದು ವಿನೋದ. ಆರು ವರ್ಷಗಳ ತರುವಾಯ, 1915ರ ಜನವರಿಯಲ್ಲಿ, ಜರ್ಮನಿಯ ಜೆಪ್ಪೆಲಿನ್ನುಗಳು ಇಂಗ್ಲೆಂಡಿನ ಪೂರ್ವತೀರದ ಊರುಗಳ ಮೇಲೆ ನಿಜವಾಗಿಯೂ ಬಾಂಬುಗಳನ್ನು ಎಸೆದಾಗ ಆ ವಿನೋದವು ಭವಿಷ್ಯದ್ವಾಣಿಯಾಗಿಬಿಟ್ಟಿತು. ಆದರೂ ಬೂತನ ಚಿತ್ರದಲ್ಲಿ ಆಕಾಶವಿಲ್ಲ. ಇರುವುದು ಆಕಾಶದ ಬಣ್ಣ ಬಳಿದ ಬಟ್ಟೆ. ಅಲ್ಲಿ ಸಾಯುವವರಿಗೆ ಮುಖಗಳೂ ಇಲ್ಲ.

ಮಹಾಯುದ್ಧದ ನಾಲ್ಕು ವರ್ಷಗಳಲ್ಲಿ ವಿಮಾನಕ್ಕೂ ಕ್ಯಾಮೆರಾಕ್ಕೂ ನಿಕಟವಾದ ನಂಟು ಬೆಳೆಯಿತು. ಶತ್ರುವಿನ ಕಂದಕಗಳ ನಕ್ಷೆಯನ್ನು ತೆಗೆಯುವುದೇ ಎಷ್ಟೋ ವಿಮಾನಗಳ ಮುಖ್ಯ ಕಾರ್ಯವಾಗಿತ್ತು. ಆದರೆ ಆ ಕಾಲದ ಚಲಚ್ಚಿತ್ರದ ಕ್ಯಾಮೆರಾವು ಸಾಮಾನ್ಯವಾಗಿ ಮುಕ್ಕಾಲಿಯ ಮೇಲೆ ನಿಂತು ಕೈಹಿಡಿ ತಿರುಗಿಸಿದಾಗ ಮಾತ್ರ ನಡೆಯುವ ಭಾರವಾದ ಪೆಟ್ಟಿಗೆ. ಪಲ್ಟಿ ಹೊಡೆಯುವ ಒಂಟಿ ಆಸನದ ವಿಮಾನದಲ್ಲಿ ಅದಕ್ಕೆ ಸ್ಥಳವೂ ಇರಲಿಲ್ಲ, ಕೈಗಳೂ ಇರಲಿಲ್ಲ. ಹೀಗಾಗಿ ವೈಮಾನಿಕರು ಪರಸ್ಪರ ಹೋರಾಡಿ ಉರಿದು ಬಿದ್ದ ಆ ದ್ವಂದ್ವಗಳಲ್ಲಿ ಬಹುಭಾಗವು ಯಾವ ಚಿತ್ರದಲ್ಲಿಯೂ ದಾಖಲಾಗದೆ ಹೋಯಿತು. ಯುದ್ಧವು ನಿಂತ ಬಳಿಕ, ಎಲ್ಲವೂ ಮುಗಿದುಹೋದ ಬಳಿಕ, ಒಂದು ಅಪೂರ್ವವಾದ ಚಿತ್ರವು ಮಾತ್ರ ಆಕಾಶದಿಂದಲೇ ತೆಗೆಯಲ್ಪಟ್ಟಿತು. ಅದನ್ನು ಕುರಿತು ಎರಡು ಮಾತು ಹೇಳದೆ ಮುಂದುವರಿಯಲು ನನಗೆ ಮನಸ್ಸು ಬಾರದು.

ಪ್ಯಾರಿಸ್ಸಿನ ಬಳಿ ಆಲ್ಬರ್ ಕಾನ್ ಎಂಬ ಧನಿಕನಿದ್ದನು. ಲೇವಾದೇವಿಯಲ್ಲಿ ಗಳಿಸಿದ ಅಪಾರವಾದ ಸಂಪತ್ತನ್ನು ಆತ ಲೋಕದ ಜನಜೀವನವನ್ನೆಲ್ಲ ಬಣ್ಣದ ಛಾಯಾಚಿತ್ರಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಸಂಗ್ರಹಿಸುವ ಮಹದಾಶೆಗೆ ಮುಡಿಪಾಗಿಟ್ಟಿದ್ದನು. ನಮ್ಮ ರವೀಂದ್ರನಾಥ ಠಾಕೂರರೂ ಆತನ ಆತಿಥ್ಯವನ್ನು ಸ್ವೀಕರಿಸಿದವರೇ. ಕಾನನ ಸಂಗ್ರಹಕ್ಕಾಗಿ ಲೂಸಿಯೇ ಲ ಸೇಂಟ್ ಎಂಬ ಛಾಯಾಗ್ರಾಹಕನು 1919ರ ಬೇಸಗೆಯಲ್ಲಿ ವಾಯುನೌಕೆಯೊಂದನ್ನು ಏರಿ, ಬೆಲ್ಜಿಯಂ ಕಡಲತೀರದ ನ್ಯೂಪೋರಿನಿಂದ ಫ್ರಾನ್ಸಿನ ವೆರ್ದನ್ನಿನವರೆಗೆ ಪಶ್ಚಿಮ ರಣರಂಗದುದ್ದಕ್ಕೂ ಕೆಳಗಿನ ನೆಲವನ್ನು ಚಿತ್ರಿಸಿಕೊಂಡನು. ನೌಕೆಯನ್ನು ನಡೆಸಿದವನು ಜಾಕ್ ತ್ರೋಲಿ ದ ಪ್ರೆವೊ ಎಂಬ ನೌಕಾದಳದ ತರುಣ ಅಧಿಕಾರಿ. ವಿಮಾನದ ಅವಸರ ವಾಯುನೌಕೆಗಿಲ್ಲ. ಅದು ತೇಲುತ್ತದೆ, ತಗ್ಗುತ್ತದೆ, ಛಾವಣಿಯಿಲ್ಲದ ಇಗರ್ಜಿಯ ಗೋಡೆಗಳ ಮೇಲೆ ಸುಳಿದು ಮತ್ತೆ ಏಳುತ್ತದೆ. ಈಪ್ರ್ ನಗರವಿದ್ದ ಸ್ಥಳದಲ್ಲಿ ಕಲ್ಲಿನ ಪುಡಿ; ಹಳ್ಳಿಗಳಿದ್ದ ಸ್ಥಳದಲ್ಲಿ ತೋಪಿನ ಗುಂಡುಗಳು ಕೊರೆದ ಹಳ್ಳಗಳಲ್ಲಿ ನಿಂತ ನೀರು; ಆ ನಡುವೆ ಅಲ್ಲಲ್ಲಿ, ಮನೆಗೆ ಮರಳಿ ಬಂದು ಮನೆಯನ್ನು ಹುಡುಕುತ್ತಿರುವ ಒಂದಿಬ್ಬರು ಮನುಷ್ಯರು. ಸುಮಾರು ಒಂದು ಗಂಟೆ ಹದಿನೆಂಟು ನಿಮಿಷಗಳ ಈ ಚಿತ್ರದಲ್ಲಿ ಕಥೆಯಿಲ್ಲ, ನಾಯಕನಿಲ್ಲ, ಒಂದು ಗುಂಡಿನ ಹೊಗೆಯೂ ಇಲ್ಲ. ಆದರೂ ಯುದ್ಧದ ಸ್ವರೂಪವನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಬೇರೊಂದು ಕೃತಿಯನ್ನು ನಾನು ಕಂಡಿಲ್ಲ. ನೌಕೆಯ ಚಾಲಕನಾಗಿದ್ದ ಆ ಪ್ರೆವೊನು ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಗುಪ್ತ ಪ್ರತಿಭಟನೆಯಲ್ಲಿ ಸೇರಿ, 1944ರ ಆಗಸ್ಟ್ 19ರಂದು ಲಿಯೋನ್ ಬಳಿಯ ಬ್ರೋನ್ ಎಂಬಲ್ಲಿ ಪತ್ನಿಯೊಡನೆ ಗುಂಡಿಗೆ ಬಲಿಯಾದನು.

ಅತ್ತ ಅಮೆರಿಕದಲ್ಲಿ ಯುದ್ಧಾನಂತರದ ವಿಮಾನವು ಮೊದಲು ಜಾತ್ರೆಯ ವಸ್ತುವಾಯಿತು. ಸೇನೆಯು ಅಗ್ಗಕ್ಕೆ ಮಾರಿದ ವಿಮಾನಗಳನ್ನು ಕೊಂಡ ಚಾಲಕರು ಊರೂರು ತಿರುಗಿ ಸಾಹಸಪ್ರದರ್ಶನಗಳನ್ನು ಮಾಡುತ್ತಿದ್ದರು. ಅವರಲ್ಲೆಲ್ಲ ಪ್ರಸಿದ್ಧನಾದವನು ಆರ್ಮರ್ ಲಾಕ್‌ಲಿಯರ್. ಸೇನೆಯಲ್ಲಿ ಲೆಫ್ಟಿನೆಂಟನಾಗಿದ್ದಾಗಲೇ, ಹಾರುತ್ತಿರುವ ವಿಮಾನದ ರೆಕ್ಕೆಯ ಮೇಲೆ ನಡೆದಾಡುವುದನ್ನೂ ಒಂದು ವಿಮಾನದಿಂದ ಮತ್ತೊಂದಕ್ಕೆ ದಾಟುವುದನ್ನೂ ರೂಢಿಸಿಕೊಂಡಿದ್ದ ಈತನನ್ನು ಹಾಲಿವುಡ್ ಕೂಡಲೇ ಕರೆಯಿತು. 1919ರಲ್ಲಿ ‘ದಿ ಗ್ರೇಟ್ ಏರ್ ರಾಬರಿ’ ಬಂದಿತು. ಮರುವರ್ಷ ಫಾಕ್ಸ್ ಸಂಸ್ಥೆಗಾಗಿ ‘ದಿ ಸ್ಕೈವೇಮನ್’ ಎಂಬ ಚಿತ್ರವು ಸಿದ್ಧವಾಗುತ್ತಿತ್ತು. 1920ರ ಆಗಸ್ಟ್ 2ರ ರಾತ್ರಿ, ಲಾಸ್ ಏಂಜಲೀಸಿನ ವಿಮಾನನಿಲ್ದಾಣವೊಂದರ ಮೇಲೆ, ಸರ್ಚ್‌ಲೈಟುಗಳ ಬೆಳಕಿನಲ್ಲಿ ಸುತ್ತುತ್ತ ಸುತ್ತುತ್ತ ಕೆಳಗಿಳಿಯುವ ದೃಶ್ಯವನ್ನು ಆತ ಅಭಿನಯಿಸಬೇಕಾಗಿತ್ತು. ಜನಜಂಗುಳಿಯ ಕಣ್ಣೆದುರಿನಲ್ಲಿ ವಿಮಾನವು ಸುತ್ತಿನಿಂದ ಚೇತರಿಸಿಕೊಳ್ಳದೆ ನೆಲಕ್ಕಪ್ಪಳಿಸಿ ಉರಿದುಹೋಯಿತು. ಲಾಕ್‌ಲಿಯರನೂ ಆತನ ಒಡನಾಡಿ ಮಿಲ್ಟನ್ ಎಲಿಯಟ್ಟನೂ ಮಡಿದರು. ದೀಪಗಳ ಪ್ರಖರತೆಯಲ್ಲಿ ನೆಲವೆಲ್ಲಿದೆಯೆಂಬುದು ಚಾಲಕನಿಗೆ ಕಾಣಿಸಲಿಲ್ಲವೆಂದು ಹಲವರು ಊಹಿಸಿದರು. ಸಂಸ್ಥೆಯು ಚಿತ್ರವನ್ನು ತ್ವರೆಯಿಂದ ಮುಗಿಸಿ, ಆ ಪತನವನ್ನೂ ಅದರೊಳಗೆ ಸೇರಿಸಿ, ಲಾಭದಲ್ಲಿ ನೂರಕ್ಕೆ ಹತ್ತು ಪಾಲನ್ನು ಮೃತರ ಕುಟುಂಬಗಳಿಗೆ ಕೊಡುವುದಾಗಿ ಪ್ರಕಟಿಸಿ, ಕೆಲವೇ ವಾರಗಳಲ್ಲಿ ಬಿಡುಗಡೆ ಮಾಡಿತು. ಚಿತ್ರವು ಇಂದು ಉಳಿದಿಲ್ಲ. ಉಳಿದಿದ್ದರೂ ನಾನು ಅದನ್ನು ನೋಡಲಾರೆ. ಸಾವನ್ನು ಅಭಿನಯಿಸಲು ಹೋದವನು ಸತ್ತದ್ದನ್ನು ಟಿಕೆಟ್ಟಿಗೆ ತೋರಿಸುವುದಕ್ಕೆ ಯಾವ ಸಮಾಧಾನವೂ ಸಾಲದು.

‘ವಿಂಗ್ಸ್’ ಚಿತ್ರದ ಮೂಲದಲ್ಲಿ ಇಬ್ಬರು ಪುರುಷರಿದ್ದಾರೆ. ಒಬ್ಬನು ಯುದ್ಧವನ್ನು ಕಂಡವನು, ಇನ್ನೊಬ್ಬನು ಯುದ್ಧವನ್ನು ಕಾಣಲಾರದೆ ಕೊರಗಿದವನು. ಈ ಎರಡನೆಯವನು ಜಾನ್ ಮಂಕ್ ಸಾಂಡರ್ಸ್. ರೂಪವಂತ, ವಿದ್ಯಾವಂತ, ಆಕ್ಸ್‌ಫರ್ಡಿಗೆ ವಿದ್ಯಾರ್ಥಿವೇತನ ಪಡೆದು ಹೋದ ಪ್ರತಿಭಾವಂತ. ಯುದ್ಧಕಾಲದಲ್ಲಿ ವಾಯುದಳವನ್ನು ಸೇರಿದ ಆತನನ್ನು ಸೇನೆಯು ಫ್ಲಾರಿಡಾದಲ್ಲಿಯೇ ಹಾರಾಟದ ಶಿಕ್ಷಕನನ್ನಾಗಿ ಇರಿಸಿಕೊಂಡಿತು. ತಾನು ಕಲಿಸಿದ ಹುಡುಗರು ಫ್ರಾನ್ಸಿಗೆ ಹೋದರು, ತಾನು ಹೋಗಲಿಲ್ಲ. ಆ ಅತೃಪ್ತಿಯು ಜೀವನಪರ್ಯಂತ ಆತನನ್ನು ಬಿಡಲಿಲ್ಲ. ಆತ ಬರೆದ ಕಥೆಗಳಲ್ಲೆಲ್ಲ ಅದೇ ಆಕಾಶ, ಅದೇ ತರುಣರು, ಬೆಳಗಿನ ಊಟಕ್ಕೆ ಕುಳಿತು ಸಂಜೆಯ ಊಟಕ್ಕೆ ಬಾರದ ಅದೇ ಗೆಳೆಯರು. ಪ್ಯಾರಾಮೌಂಟಿನ ಜೆಸ್ಸಿ ಲ್ಯಾಸ್ಕಿಯ ಮುಂದೆ ಕಥೆಯನ್ನು ನಿವೇದಿಸಿದಾಗ, ಇಷ್ಟೊಂದು ವಿಮಾನಗಳನ್ನೂ ಸೈನಿಕರನ್ನೂ ಯಾವ ಸ್ಟುಡಿಯೋ ತಾನೇ ಹೊಂದಿಸೀತು ಎಂದು ಆತ ಹಿಂಜರಿದನು. ಸರ್ಕಾರದ ನೆರವು ದೊರೆತರೆ ಆಗಬಹುದೆಂಬುದು ನಿಶ್ಚಯವಾದ ಮೇಲೆ ಸಾಂಡರ್ಸನೇ ವಾಷಿಂಗ್ಟನ್ನಿಗೆ ಹೋಗಿ ಯುದ್ಧ ಇಲಾಖೆಯನ್ನು ಒಲಿಸಿಕೊಂಡು ಬಂದನು.

ಸೇನೆಯು ಏಕೆ ಒಪ್ಪಿತೆಂಬುದನ್ನು ಊಹಿಸುವುದು ಕಠಿನವಲ್ಲ. ಅಂದು ಅಮೆರಿಕದ ವಾಯುದಳವು ಹಣಕ್ಕಾಗಿಯೂ ಗೌರವಕ್ಕಾಗಿಯೂ ಹೆಣಗುತ್ತಿದ್ದ ಕಿರಿಯ ಅಂಗ; ವಿಮಾನಬಲದ ಪರವಾಗಿ ಬಹಿರಂಗವಾಗಿ ವಾದಿಸಿದ ಬಿಲ್ಲಿ ಮಿಚೆಲ್ ಎಂಬ ಸೇನಾನಿಯನ್ನು 1925ರಲ್ಲಷ್ಟೇ ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆಗೆ ಗುರಿಪಡಿಸಲಾಗಿತ್ತು. ದೇಶದ ಜನರೆಲ್ಲ ಆಕಾಶದ ಕಡೆಗೆ ಕಣ್ಣೆತ್ತುವಂತೆ ಮಾಡುವ ಚಿತ್ರವೊಂದು ವಾಯುದಳಕ್ಕೆ ಬೇಕಾಗಿತ್ತು. ಸೇನೆಯ ವಿಮಾನಗಳು ಚಿತ್ರಕ್ಕೆ ಬೇಕಾಗಿದ್ದವು. ಈ ಕೊಡುಕೊಳ್ಳುವಿಕೆಯಲ್ಲಿ ಪ್ರಚಾರದ ಅಂಶವಿಲ್ಲವೆಂದು ವಾದಿಸುವುದು ಅಪ್ರಾಮಾಣಿಕವಾದೀತು. ಶಾಂತಿಕಾಲದ ಸೇನೆಯೊಂದು ತನ್ನ ಶಸ್ತ್ರಗಳನ್ನು ಕಲೆಗೆ ಎರವಲು ಕೊಟ್ಟಾಗ ಕಲೆಯೂ ಏನನ್ನೋ ಪ್ರತಿಯಾಗಿ ಹಿಂದಿರುಗಿಸಬೇಕಾಗುತ್ತದೆ. ಆ ಋಣವು ಚಿತ್ರದ ಆರಂಭದ ಕವಾಯತಿನ ದೃಶ್ಯಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಶ್ಚರ್ಯವೆಂದರೆ, ಚಿತ್ರವು ಮುಂದುವರಿದಂತೆ ಆ ಋಣಭಾರವನ್ನು ಮೀರಿ ನಿಲ್ಲುತ್ತದೆ.

ಮೀರಿಸಿದವನು ವೆಲ್ಮನ್. ಮ್ಯಾಸಚೂಸೆಟ್ಸಿನ ಬ್ರೂಕ್ಲೈನಿನಲ್ಲಿ 1896ರ ಫೆಬ್ರವರಿ 29ರಂದು ಹುಟ್ಟಿದ ಈತ ಮೊದಲಿನಿಂದಲೂ ಯಾರ ಅಂಕೆಗೂ ಸಿಕ್ಕದವನು. ಯುದ್ಧದ ಗಾಯಾಳುಗಳ ಗಾಡಿಯನ್ನು ನಡೆಸಲೆಂದು ಫ್ರಾನ್ಸಿಗೆ ಹೋಗಿ, ಅಲ್ಲಿ ಅಮೆರಿಕದ ಸ್ವಯಂಸೇವಕ ವೈಮಾನಿಕರ ಲಾಫಾಯೆತ್ ದಳವನ್ನು ಸೇರಿ, ಲೂನೆವಿಲ್ಲಿನ ಬಳಿ ಬೀಡುಬಿಟ್ಟಿದ್ದ ‘ಕರಿಯ ಬೆಕ್ಕು’ಗಳೆಂಬ ಫ್ರೆಂಚ್ ತುಕಡಿಯಲ್ಲಿ ಹಾರಿದನು. ತನ್ನ ನ್ಯೂಪೋರ್ ವಿಮಾನಕ್ಕೆ ತಾಯಿಯ ಹೆಸರಾದ ‘ಸೀಲಿಯಾ’ ಎಂಬುದನ್ನೇ ಇಟ್ಟುಕೊಂಡಿದ್ದನು. 1918ರ ಮಾರ್ಚ್ 21ರಂದು ನೆಲದಿಂದ ಹಾರಿದ ಫಿರಂಗಿಯ ಗುಂಡಿಗೆ ಸಿಕ್ಕಿ ಆತನ ವಿಮಾನವು ಉರುಳಿತು. ಪ್ರಾಣವು ಉಳಿಯಿತು, ಆದರೆ ಕೊನೆಯವರೆಗೂ ಆತ ಕುಂಟುತ್ತಲೇ ನಡೆದನು. ಫ್ರೆಂಚ್ ಸರ್ಕಾರದ ಶೌರ್ಯಪದಕದೊಂದಿಗೆ ಸ್ವದೇಶಕ್ಕೆ ಮರಳಿ ಸ್ಯಾನ್ ಡಿಯೇಗೋದಲ್ಲಿ ಹಾರಾಟವನ್ನು ಕಲಿಸುತ್ತಿದ್ದಾಗ, ನಟ ಡಗ್ಲಸ್ ಫೇರ್‌ಬ್ಯಾಂಕ್ಸನ ಪರಿಚಯದಿಂದ ಚಲಚ್ಚಿತ್ರರಂಗದ ಬಾಗಿಲು ತೆರೆಯಿತು. ನಟನಾಗಿ ತೆರೆಯ ಮೇಲೆ ತನ್ನನ್ನು ತಾನು ನೋಡಿಕೊಂಡು ಜುಗುಪ್ಸೆಪಟ್ಟ ಆತ, ಸ್ಟುಡಿಯೋದ ಸಂದೇಶವಾಹಕನ ಕೆಲಸದಿಂದ ಮತ್ತೆ ಮೊದಲುಮಾಡಿ ನಿರ್ದೇಶಕನ ಸ್ಥಾನಕ್ಕೆ ಏರಿದನು. ಹಾಲಿವುಡ್ಡಿನ ನಿರ್ದೇಶಕರಲ್ಲಿ ಆಕಾಶದಲ್ಲಿ ಹೋರಾಡಿದ ಅನುಭವವುಳ್ಳವನು ಆತನೊಬ್ಬನೇ ಎಂಬ ಕಾರಣದಿಂದ, ದೊಡ್ಡ ಚಿತ್ರವೊಂದನ್ನೂ ಮಾಡಿರದ ಆತನ ಕೈಗೆ ಪ್ಯಾರಾಮೌಂಟ್ ತನ್ನ ಇಪ್ಪತ್ತು ಲಕ್ಷ ಡಾಲರಿನ ಕೃತಿಯನ್ನು ಒಪ್ಪಿಸಿತು.

ಚಿತ್ರೀಕರಣವು 1926ರ ಸೆಪ್ಟೆಂಬರಿನಿಂದ 1927ರ ಏಪ್ರಿಲ್‌ವರೆಗೆ ನಡೆಯಿತು. ಮೋಡಗಳಿಗಾಗಿ ಕಾದ ಕಥೆಯನ್ನು ಹೇಳಿದ್ದಾಯಿತು. ಮುಖದ ಕಥೆಯು ಅದಕ್ಕಿಂತಲೂ ಕುತೂಹಲಕರವಾದುದು. ಅದುವರೆಗಿನ ಎಷ್ಟೋ ಚಿತ್ರಗಳಲ್ಲಿ ನಟನನ್ನು ಸ್ಟುಡಿಯೋದೊಳಗಿನ ಡಮ್ಮಿ ವಿಮಾನದಲ್ಲಿ ಕೂರಿಸಿ, ಹಿಂದೆ ಪರದೆಯನ್ನು ಇಳಿಬಿಟ್ಟು, ಮುಂದೆ ಬೀಸಣಿಗೆಯನ್ನು ತಿರುಗಿಸುವುದೇ ವಾಡಿಕೆಯಾಗಿತ್ತು. ವೆಲ್ಮನ್ನನೂ ಆತನ ಮುಖ್ಯ ಛಾಯಾಗ್ರಾಹಕನಾದ ಹ್ಯಾರಿ ಪೆರಿಯೂ ಅದನ್ನು ಒಲ್ಲದೆ, ಮೋಟರಿನಿಂದ ನಡೆಯುವ ಕ್ಯಾಮೆರಾವನ್ನು ವಿಮಾನದ ಮೈಮೇಲೆಯೇ, ನಟನ ಮುಖಕ್ಕೆ ಎದುರಾಗಿ ಬಿಗಿದರು. ಛಾಯಾಗ್ರಾಹಕನಿಗೆ ಅಲ್ಲಿ ಸ್ಥಳವಿಲ್ಲ. ಆಕಾಶದಲ್ಲಿ ಸೂರ್ಯನು ಎತ್ತ ಇದ್ದಾನೆ, ಮೋಡ ಎತ್ತ ಇದೆ ಎಂಬುದನ್ನು ನೋಡಿಕೊಂಡು ನಟನೇ ಗುಂಡಿಯನ್ನೊತ್ತಿ ಕ್ಯಾಮೆರಾವನ್ನು ಓಡಿಸಬೇಕು, ತಾನೇ ಅಭಿನಯಿಸಬೇಕು. ಜೊತೆಗೆ ಚಾಲಕನಿದ್ದರೆ, ಕ್ಯಾಮೆರಾ ಓಡುವಷ್ಟು ಹೊತ್ತು ಆತ ತಲೆ ತಗ್ಗಿಸಿ ಮರೆಯಾಗಬೇಕು. ಹೀಗೆ ಒಬ್ಬನೇ ಮನುಷ್ಯನು ಸಾವಿರಾರು ಅಡಿಗಳೆತ್ತರದಲ್ಲಿ ನಟನೂ ಛಾಯಾಗ್ರಾಹಕನೂ ನಿರ್ದೇಶಕನೂ ವೈಮಾನಿಕನೂ ಆದನು.

ಇಬ್ಬರು ನಾಯಕರಲ್ಲಿ ರಿಚರ್ಡ್ ಆರ್ಲೆನ್ನನು ಯುದ್ಧಕಾಲದಲ್ಲಿ ಕೆನಡಾದಲ್ಲಿ ಬ್ರಿಟಿಷ್ ವಾಯುದಳದ ತರಬೇತಿಯನ್ನು ಪಡೆದಿದ್ದವನು. ಚಾರ್ಲ್ಸ್ ರೋಜರ್ಸನಿಗಾದರೋ ಹಾರಾಟವೇ ಹೊಸದು. ಆಕಾಶವೆಂದರೆ ಹೊಟ್ಟೆ ತೊಳಸುತ್ತಿತ್ತು. ಆದರೂ ಇಳಿದೊಡನೆ ವಾಂತಿಮಾಡಿಕೊಂಡು ಮತ್ತೆ ಏರುತ್ತಿದ್ದ ಆ ಹುಡುಗನ ಧೈರ್ಯವನ್ನು ವೆಲ್ಮನ್ನನು ಮುಂದೆ ಬಹುಕಾಲ ಮೆಚ್ಚಿಕೊಂಡು ಹೇಳುತ್ತಿದ್ದನು. ತೆರೆಯ ಮೇಲೆ ಆ ಮುಖಗಳಲ್ಲಿ ಗಾಳಿಯು ಕೆನ್ನೆಯನ್ನು ತಳ್ಳುವುದು, ಕಣ್ಣು ಕಿರಿದಾಗುವುದು, ನೆಲವು ಹೆಗಲ ಹಿಂದೆ ಓರೆಯಾಗಿ ತಿರುಗುವುದು, ಇವೆಲ್ಲ ಕಾಣುತ್ತವೆ. ಇವುಗಳಲ್ಲಿ ಯಾವುದನ್ನೂ ಅಭಿನಯದಿಂದ ತರಲಾಗದು. ಮೂಕಚಿತ್ರದ ಕಲೆಯೆಂದರೆ ಮುಖದ ಕಲೆ. ಆಕಾಶಕ್ಕೆ ಮುಖವನ್ನು ಒಯ್ದದ್ದೇ ಈ ಚಿತ್ರದ ಮಹತ್ಸಾಧನೆ. ಏಕೆಂದರೆ ಆ ಮೊದಲು ನಾವು ಕಂಡದ್ದು ವಿಮಾನ ಬೀಳುವುದನ್ನು, ಇಲ್ಲಿ ಕಂಡದ್ದು ಮನುಷ್ಯನು ಬೀಳುವುದನ್ನು.

ಸೇಂಟ್ ಮಿಯೇಲ್ ಯುದ್ಧದ ದೃಶ್ಯಗಳಿಗಾಗಿ ಸ್ಯಾನ್ ಆಂಟೋನಿಯೋ ಬಳಿಯ ಕ್ಯಾಂಪ್ ಸ್ಟಾನ್ಲಿಯಲ್ಲಿ ಕಂದಕಗಳನ್ನು ತೋಡಿ, ತೋಪು ಹಾರಿಸಿ ನೆಲವನ್ನೆಲ್ಲ ಹಳ್ಳಬೀಳಿಸಿ, ಫ್ರಾನ್ಸಿನ ರಣರಂಗವೊಂದನ್ನು ಮತ್ತೆ ನಿರ್ಮಿಸಲಾಯಿತು. ಸಾವಿರಾರು ಸೈನಿಕರು, ಅರವತ್ತಕ್ಕೂ ಮಿಕ್ಕ ಚಾಲಕರು, ಎತ್ತರದ ಅಟ್ಟಣೆಯ ಮೇಲೂ ಕಂದಕಗಳ ಸಂದುಗಳಲ್ಲಿಯೂ ಹತ್ತಾರು ಕ್ಯಾಮೆರಾಗಳು. ಇವೆಲ್ಲಕ್ಕೂ ಏಕಕಾಲದಲ್ಲಿ ಅಪ್ಪಣೆಕೊಡುವವನು ಅಟ್ಟಣೆಯ ಮೇಲೆ ನಿಂತ ಒಬ್ಬ ಮನುಷ್ಯ. ಮೇಲೆ ಹಾರಿದ ವಿಮಾನಗಳಲ್ಲಿ ಬಹುಪಾಲು ಯುದ್ಧಕಾಲದವಾಗಿರಲಿಲ್ಲ. ಥಾಮಸ್ ಮೋರ್ಸ್ ವಿಮಾನಗಳು ಮಿತ್ರಪಕ್ಷದ ಸ್ಪ್ಯಾಡುಗಳಾದವು, ಕರ್ಟಿಸ್ ವಿಮಾನಗಳು ಜರ್ಮನ್ ಗುರುತುಗಳನ್ನು ಬಳಿದುಕೊಂಡು ಫಾಕರುಗಳಾದವು. ವಿಮಾನಶಾಸ್ತ್ರಜ್ಞರು ಇದನ್ನು ದೋಷವೆಂದು ಎಣಿಸುವರು. ಚಿತ್ರವನ್ನು ನೋಡುವಾಗ ನನಗೆ ಅದು ಎಂದೂ ಬಾಧಿಸಿಲ್ಲ. ಅದಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕಲಕುವುದು, ಆ ಪತನಗಳಲ್ಲಿ ಕೆಲವು ನಿಜವಾದ ಪತನಗಳೇ ಎಂಬ ಅರಿವು. ಡಿಕ್ ಗ್ರೇಸ್ ಎಂಬ ಸಾಹಸಿಯು ವಿಮಾನಗಳನ್ನು ಬೇಕೆಂದೇ ನೆಲಕ್ಕಪ್ಪಳಿಸಿ ಜೀವಂತವಾಗಿ ಹೊರಬರುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡಿದ್ದವನು. ಈ ಚಿತ್ರದ ಒಂದು ಪತನದಲ್ಲಿ, ಮುರಿಯಬೇಕಾಗಿದ್ದ ಚಕ್ರದ ಆಧಾರಗಳು ಲೆಕ್ಕದಂತೆ ಮುರಿಯದೆ, ಆತನ ಕತ್ತಿನ ಮೂಳೆಯೇ ಮುರಿಯಿತು. ಆತ ಬದುಕಿ ಮತ್ತೆ ಹಾರಿದನು. ಸೇನೆಯ ಚಾಲಕನೊಬ್ಬನು ಬದುಕಲಿಲ್ಲ.

ಕಥೆಯು ಸರಳವಾದುದು. ಒಂದೇ ಊರಿನ ಇಬ್ಬರು ತರುಣರು, ಜ್ಯಾಕ್ ಮತ್ತು ಡೇವಿಡ್, ಒಬ್ಬಳೇ ಹುಡುಗಿಯನ್ನು ಬಯಸುವವರು; ಶಿಬಿರದಲ್ಲಿ ಹೊಡೆದಾಡಿ ಗೆಳೆಯರಾಗಿ, ಆಕಾಶದಲ್ಲಿ ಒಬ್ಬರಿಗೊಬ್ಬರು ಕಾವಲಾಗುತ್ತಾರೆ. ಶತ್ರುಗಳ ಸೀಮೆಯಲ್ಲಿ ಬಿದ್ದ ಡೇವಿಡ್ ಸತ್ತನೆಂದು ತಿಳಿದು ರೋಷೋನ್ಮತ್ತನಾದ ಜ್ಯಾಕ್, ಕಂಡಕಂಡ ಜರ್ಮನರನ್ನು ಬೇಟೆಯಾಡುತ್ತ ಹೋಗಿ, ಜರ್ಮನ್ ವಿಮಾನವೊಂದನ್ನು ಕದ್ದು ತನ್ನವರತ್ತ ಹಾರಿ ಬರುತ್ತಿದ್ದ ಆ ಡೇವಿಡನನ್ನೇ ಹೊಡೆದುರುಳಿಸುತ್ತಾನೆ. ಹತ್ತಿರದಲ್ಲಿಯೇ ಹಾರುತ್ತಿರುವ ಗೆಳೆಯನಿಗೆ ಡೇವಿಡ್ ಕೂಗಿ ಹೇಳುತ್ತಾನೆ, ಕೈಬೀಸುತ್ತಾನೆ. ಎಂಜಿನ್ನುಗಳ ಅಬ್ಬರದಲ್ಲಿ ಅದು ಕೇಳಿಸದು. ಮಾತನಾಡುವ ಚಿತ್ರದಲ್ಲಿ ಈ ದೃಶ್ಯಕ್ಕೆ ಗದ್ದಲವು ಬೇಕಾಗುತ್ತಿತ್ತು, ಗದ್ದಲವೇ ಕಾರಣವೆಂದು ವಿವರಿಸಬೇಕಾಗುತ್ತಿತ್ತು. ಇಲ್ಲಿ ಪ್ರೇಕ್ಷಕನೂ ಜ್ಯಾಕನಷ್ಟೇ ಕಿವುಡನು. ಆದರೆ ಜ್ಯಾಕ್ ಕಾಣದ ಮುಖವನ್ನು ಪ್ರೇಕ್ಷಕನು ಕಾಣುತ್ತಾನೆ. ಮೂಕತ್ವವು ಚಲಚ್ಚಿತ್ರದ ಕೊರತೆಯಾಗದೆ ಅದರ ವಸ್ತುವೇ ಆಗಿಬಿಟ್ಟ ಇಂತಹ ಕ್ಷಣಗಳು ಆ ಯುಗದಲ್ಲಿಯೂ ವಿರಳ. ಡೇವಿಡನ ವಿಮಾನವು ಹೋಗಿ ಬಡಿಯುವ ರೈತರ ಮನೆಯಲ್ಲಿರುವ ತಾಯಿ ಮತ್ತು ಮಗುವಿನ ಪಾತ್ರಗಳಲ್ಲಿ ವೆಲ್ಮನ್ನನ ಪತ್ನಿಯೂ ಮಗಳೂ ಕಾಣಿಸಿಕೊಂಡಿದ್ದಾರೆ. ರಣರಂಗದಲ್ಲಿ ಮೇಲೆ ಹಾರುವ ವಿಮಾನಗಳನ್ನು ನೋಡಿ ಮೆಚ್ಚುತ್ತ ಸಾಯುವ ಸಿಪಾಯಿಯ ಕ್ಷಣಮಾತ್ರದ ಪಾತ್ರದಲ್ಲಿ ಸ್ವಯಂ ವೆಲ್ಮನ್ನನಿದ್ದಾನೆ.

ಇನ್ನೊಂದು ಚಿಕ್ಕ ದೃಶ್ಯವನ್ನು ಬಿಡಲಾರೆ. ಶಿಬಿರಕ್ಕೆ ಬಂದ ಇಬ್ಬರು ಗೆಳೆಯರಿಗೆ ಗುಡಾರದಲ್ಲಿ ಎತ್ತರದ ಚಾಲಕನೊಬ್ಬನು ಎದುರಾಗುತ್ತಾನೆ. ಚಾಕೊಲೇಟಿನ ತುಂಡೊಂದನ್ನು ಕಚ್ಚಿ, ಉಳಿದದ್ದನ್ನು ಎಸೆದು, ಹಾರಾಟದ ಅಭ್ಯಾಸಕ್ಕೆಂದು ನಗುತ್ತ ಹೊರಡುತ್ತಾನೆ. ಕೆಲವೇ ಕ್ಷಣಗಳಲ್ಲಿ ಆತ ಸತ್ತ ಸುದ್ದಿ ಬರುತ್ತದೆ, ಅರ್ಧ ತಿಂದ ಚಾಕೊಲೇಟು ಅಲ್ಲಿಯೇ ಇದೆ. ಮೂರು ನಿಮಿಷಗಳೂ ಇಲ್ಲದ ಈ ಪಾತ್ರದಿಂದ ಗ್ಯಾರಿ ಕೂಪರ್ ಎಂಬ ಅಪ್ರಸಿದ್ಧ ನಟನು ಜನರ ಕಣ್ಣಿಗೆ ಬಿದ್ದನು. ಹಾಗೆಯೇ, ಯಂತ್ರಬಂದೂಕು ಕೆಟ್ಟುನಿಂತ ಡೇವಿಡನನ್ನು ಹೊಡೆಯದೆ ವಂದಿಸಿ ತಿರುಗಿ ಹೋಗುವ ಜರ್ಮನ್ ವೈಮಾನಿಕನ ಚಿತ್ರಣದಲ್ಲಿ ಶತ್ರುವಿನ ಬಗ್ಗೆ ಹೋರಾಡಿದವನಿಗೆ ಮಾತ್ರ ಸಾಧ್ಯವಾಗುವ ಗೌರವವಿದೆ. ಎಲ್ಲವೂ ಹೀಗೆಯೇ ಇದೆಯೆಂದು ಹೇಳುವಂತಿಲ್ಲ. ಅಂದಿನ ಮಹಾತಾರೆಯಾಗಿದ್ದ ಕ್ಲಾರಾ ಬೋ ಅವರಿಗಾಗಿ ಕಥೆಯೊಳಗೆ ಒತ್ತಾಯದಿಂದ ತುರುಕಿದ ಭಾಗಗಳು ಆಕೆಯ ಚೈತನ್ಯದಿಂದಷ್ಟೇ ಸಹ್ಯವಾಗುತ್ತವೆ; ಜ್ಯಾಕನು ಕುಡಿದು ಗಾಳಿಗುಳ್ಳೆಗಳನ್ನು ಕಾಣುವ ಪ್ಯಾರಿಸ್ಸಿನ ಪ್ರಸಂಗವು ದೀರ್ಘವಾಯಿತು. ಆದರೂ ಆ ಪ್ರಸಂಗದ ಮೊದಲಲ್ಲಿ ಕ್ಯಾಮೆರಾವು ಮೇಜಿನಿಂದ ಮೇಜಿಗೆ, ಕುಳಿತ ಜೋಡಿಗಳ ನಡುವೆಯೇ ತೇಲುತ್ತ ಸಾಗಿ ಕೊನೆಗೆ ಜ್ಯಾಕನ ಬಳಿ ನಿಲ್ಲುವ ಪರಿಯನ್ನು ಇಂದಿಗೂ ಚಿತ್ರವಿದ್ಯಾರ್ಥಿಗಳು ಅಭ್ಯಸಿಸುತ್ತಾರೆ.

1927ರ ಮೇ 19ರಂದು ಚಿತ್ರವನ್ನು ಮೊದಲಬಾರಿಗೆ ಸ್ಯಾನ್ ಆಂಟೋನಿಯೋದಲ್ಲಿಯೇ ತೋರಿಸಿದರು. ಮರುದಿನ ಬೆಳಿಗ್ಗೆ, ಅದೇ ಊರಿನ ಸೈನಿಕ ನಿಲ್ದಾಣಗಳಲ್ಲಿ ಹಾರಾಟವನ್ನು ಕಲಿತಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬಂಟಿಯಾಗಿ ಹೊರಟ ಸುದ್ದಿಯು ಲೋಕವನ್ನು ತುಂಬಿತು. ಆಗಸ್ಟ್ 12ರಂದು ನ್ಯೂಯಾರ್ಕಿನ ಕ್ರೈಟೀರಿಯನ್ ಚಿತ್ರಮಂದಿರದಲ್ಲಿ ‘ವಿಂಗ್ಸ್’ ಬಿಡುಗಡೆಯಾದಾಗ ಜನರು ವಿಮಾನಕ್ಕಾಗಿ ಹಸಿದಿದ್ದರು. ಚಿತ್ರವು ಅಲ್ಲಿ ವರ್ಷಕ್ಕೂ ಮೀರಿ ಓಡಿತು. ಹೋರಾಟದ ಭಾಗಗಳು ಬಂದಾಗ ವಿಶೇಷ ಮಸೂರದಿಂದ ತೆರೆಯ ಮೇಲಿನ ಬಿಂಬವು ವಿಶಾಲವಾಗಿ ಹರಡುತ್ತಿತ್ತು. ಬಂದೂಕಿನ ಬಾಯಿಗೂ ಉರಿಯುವ ವಿಮಾನಕ್ಕೂ ಪ್ರತಿಯ ಮೇಲೆಯೇ ಉರಿಯ ಬಣ್ಣವನ್ನು ಹಾಯಿಸಿದ್ದರು. 1929ರ ಮೇ 16ರಂದು ನಡೆದ ಪ್ರಪ್ರಥಮ ಅಕಾಡೆಮಿ ಪ್ರಶಸ್ತಿ ಸಮಾರಂಭದಲ್ಲಿ ಶ್ರೇಷ್ಠಚಿತ್ರದ ಗೌರವವು ಇದಕ್ಕೆ ಸಂದಿತು. ತಾಂತ್ರಿಕ ಕೌಶಲಕ್ಕಾಗಿ ರಾಯ್ ಪಾಮರಾಯನಿಗೂ ಪ್ರಶಸ್ತಿ ಬಂದಿತು. ನಿರ್ದೇಶಕರ ಪಟ್ಟಿಯಲ್ಲಿ ಮಾತ್ರ ವೆಲ್ಮನ್ನನ ಹೆಸರೇ ಇರಲಿಲ್ಲ. ಇದು ನನಗೆ ಇಂದಿಗೂ ಅನ್ಯಾಯವಾಗಿ ತೋರುತ್ತದೆ.

ಗೆಲುವು ಅನುಕರಣವನ್ನು ಹುಟ್ಟಿಸಿತು. ಕಾಲೀನ್ ಮೂರ್ ಅಭಿನಯಿಸಿದ ‘ಲೈಲಾಕ್ ಟೈಮ್’ 1928ರಲ್ಲಿ ಬಂದಿತು. ವೆಲ್ಮನ್ನನೂ ಸಾಂಡರ್ಸನೂ ಕೂಡಿ, ಗ್ಯಾರಿ ಕೂಪರನನ್ನೂ ಫೇ ರೇ ಎಂಬ ತರುಣಿಯನ್ನೂ ಇಟ್ಟುಕೊಂಡು ಅದೇ ವರ್ಷ ‘ದಿ ಲೀಜನ್ ಆಫ್ ದಿ ಕಂಡೆಮ್ಡ್’ ಎಂಬುದನ್ನು ತಂದರು. ಆ ಚಿತ್ರವು ಪೂರ್ತಿ ನಷ್ಟವಾಗಿದೆ. ಎಲ್ಲರಿಗಿಂತ ದೊಡ್ಡ ಹಟವನ್ನು ತೊಟ್ಟವನು ಹವರ್ಡ್ ಹ್ಯೂಸ್ ಎಂಬ ಇಪ್ಪತ್ತೊಂದರ ಶ್ರೀಮಂತ. 1927ರ ಅಕ್ಟೋಬರಿನಲ್ಲಿ ಮೂಕಚಿತ್ರವಾಗಿಯೇ ಮೊದಲಾದ ಆತನ ‘ಹೆಲ್ಸ್ ಏಂಜಲ್ಸ್’ ಮುಗಿಯುವ ವೇಳೆಗೆ ಚಲಚ್ಚಿತ್ರವು ಮಾತನಾಡಲು ಕಲಿತುಬಿಟ್ಟಿತ್ತು; ನಾಯಕಿಯನ್ನು ಬದಲಾಯಿಸಿ, ಸಂಭಾಷಣೆಯ ಭಾಗಗಳನ್ನೆಲ್ಲ ಮತ್ತೆ ತೆಗೆದು, 1930ರ ಮೇ ತಿಂಗಳಲ್ಲಿ ಅದನ್ನು ಹೊರತಂದನು. ಆದರೆ ಅದರ ವಿಮಾನದೃಶ್ಯಗಳು ಮೂಕಯುಗದವೇ. ಅವನ್ನು ತೆಗೆದವರಲ್ಲಿ ಹ್ಯಾರಿ ಪೆರಿಯೂ ಒಬ್ಬನು. ಮೋಡಗಳನ್ನು ಅರಸುತ್ತ ಹ್ಯೂಸನೂ ತನ್ನ ವಿಮಾನಗಳ ಹಿಂಡನ್ನೆಲ್ಲ ಉತ್ತರಕ್ಕೆ, ಓಕ್ಲೆಂಡಿಗೆ ಸಾಗಿಸಿ ಅಲ್ಲಿ ಕಾದನು. ನುರಿತ ಚಾಲಕರು ಅಪಾಯವೆಂದು ಎಚ್ಚರಿಸಿದ ವಿಮಾನವನ್ನು ತಾನೇ ಹಾರಿಸಿ, ಬಿದ್ದು ತಲೆಗೆ ಪೆಟ್ಟುಮಾಡಿಕೊಂಡನು. ಬಾಂಬರ್ ವಿಮಾನವು ಉರುಳಿಬೀಳುವ ದೃಶ್ಯದಲ್ಲಿ ಚಾಲಕನು ಪ್ಯಾರಾಶೂಟಿನಿಂದ ಹಾರಿದನು, ಹೊಗೆಯನ್ನು ಹೊರಡಿಸಲು ಒಳಗಿದ್ದ ಫಿಲ್ ಜೋನ್ಸ್ ಎಂಬ ಮೆಕ್ಯಾನಿಕನು ಹಾರಲಿಲ್ಲ. ಆ ಚಿತ್ರದ ನಿರ್ಮಾಣದಲ್ಲಿ ಆತನಲ್ಲದೆ ಚಾಲಕರೂ ಮಡಿದರು. 1930ರ ಜನವರಿ 2ರಂದು ಬೇರೊಂದು ಚಿತ್ರಕ್ಕಾಗಿ ಸಾಂಟಾ ಮೋನಿಕಾದ ಕಡಲಮೇಲೆ ಹಾರುತ್ತಿದ್ದ ಎರಡು ವಿಮಾನಗಳು ಡಿಕ್ಕಿ ಹೊಡೆದು, ನಿರ್ದೇಶಕ ಕೆನೆತ್ ಹಾಕ್ಸನೊಡನೆ ಹತ್ತು ಜನರು ಒಂದೇ ಕ್ಷಣದಲ್ಲಿ ಹೋದರು. ಈ ಹೆಸರುಗಳನ್ನು ಚಿತ್ರಗಳ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗಿ ನೂಕಿಬಿಡುವ ರೂಢಿಯು ನನಗೆ ಸಮ್ಮತವಲ್ಲ. ತೆರೆಯ ಮೇಲಿನ ಸತ್ಯಕ್ಕೆ ಅವರ ಪಾಲು ನಟರ ಪಾಲಿಗಿಂತ ಕಿರಿದಲ್ಲ.

‘ವಿಂಗ್ಸ್’ ಚಿತ್ರವೂ ನಷ್ಟವಾಗಿಹೋಯಿತೆಂದು ಬಹುಕಾಲ ಭಾವಿಸಲಾಗಿತ್ತು. ಪ್ಯಾರಿಸ್ಸಿನ ಸಿನೆಮಾತೆಕ್ ಸಂಗ್ರಹಾಲಯದಲ್ಲಿ ದೊರೆತ ಪ್ರತಿಯೊಂದರಿಂದ ಅದು ಉಳಿಯಿತು. ತನ್ನ ಶತಮಾನೋತ್ಸವದ ವರ್ಷವಾದ 2012ರಲ್ಲಿ ಪ್ಯಾರಾಮೌಂಟ್ ಅದನ್ನು ಜೀರ್ಣೋದ್ಧಾರ ಮಾಡಿತು, ಉರಿಯ ಬಣ್ಣಗಳನ್ನೂ ಮರಳಿಸಿತು. ಇತ್ತ ಚಿತ್ರದ ಕಥೆಗಾರನಾದ ಸಾಂಡರ್ಸನು 1928ರಲ್ಲಿ ಫೇ ರೇಯನ್ನು ವಿವಾಹವಾದನು. ‘ದಿ ಡಾನ್ ಪಟ್ರೋಲ್’ ಚಿತ್ರದ ಕಥೆಗಾಗಿ ಅಕಾಡೆಮಿ ಪ್ರಶಸ್ತಿಯನ್ನು ಪಡೆದನು. ವಿವಾಹವು ಮುರಿಯಿತು, ಕುಡಿತವು ಹೆಚ್ಚಿತು. 1940ರ ಮಾರ್ಚಿನಲ್ಲಿ, ತಾನು ಯುದ್ಧಕ್ಕೆ ಹೋಗದೆ ಉಳಿದುಹೋಗಿದ್ದ ಆ ಫ್ಲಾರಿಡಾದಲ್ಲಿಯೇ, ಆತ್ಮಹತ್ಯೆ ಮಾಡಿಕೊಂಡನು.

ವೆಲ್ಮನ್ನನು ಮುಂದೆ ಮೂವತ್ತು ವರ್ಷಗಳ ಕಾಲ ಹತ್ತು ಬಗೆಯ ಚಿತ್ರಗಳನ್ನು ತೆಗೆದನು. ಕೊನೆಯದಾಗಿ, ತನ್ನ ಯೌವನದ ಗೆಳೆಯರನ್ನು ಕುರಿತು ಬಹುದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಕಥೆಯನ್ನು ‘ಲಾಫಾಯೆತ್ ಎಸ್ಕಡ್ರಿಲ್’ ಎಂಬ ಹೆಸರಿನಲ್ಲಿ 1958ರಲ್ಲಿ ತೆರೆಗೆ ತಂದನು. ತರುಣ ವೆಲ್ಮನ್ನನ ಪಾತ್ರವನ್ನು ಆತನ ಮಗನೇ ವಹಿಸಿದನು. ಕಥಾನಾಯಕನು ಕೊನೆಯಲ್ಲಿ ಸಾಯಬೇಕೆಂಬುದು ಆತನ ಸಂಕಲ್ಪವಾಗಿತ್ತು, ಏಕೆಂದರೆ ಆತ ಕಂಡ ಯುದ್ಧದಲ್ಲಿ ಅಂತಹವರು ಸತ್ತಿದ್ದರು. ಜನರು ಸುಖಾಂತವನ್ನು ಬಯಸುವರೆಂದು ಸ್ಟುಡಿಯೋ ಪಟ್ಟುಹಿಡಿದು ಅವನನ್ನು ಬದುಕಿಸಿತು, ಚಿತ್ರದ ಹೆಸರನ್ನೂ ಬದಲಿಸಿತು. ಅದಾದ ಮೇಲೆ 1975ರಲ್ಲಿ ತೀರಿಕೊಳ್ಳುವವರೆಗೆ ವೆಲ್ಮನ್ನನು ಇನ್ನೊಂದು ಚಿತ್ರವನ್ನು ತೆಗೆಯಲಿಲ್ಲ.